ಬಿಯರಿನ ಹುಟ್ಟು

ಯೂಫ್ರೆಟಿಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ಸುಮೇರಿಯದಲ್ಲಿ ಬಿಯರ್ ಎಂಬುದು ಕೇವಲ ವಿಲಾಸದ ಪಾನೀಯವಾಗಿರದೆ, ದುಡಿಯುವವರಿಗೆ ಅಳೆದು ಕೊಡುತ್ತಿದ್ದ ಆಹಾರವೂ ಆಗಿದ್ದಿತೆಂಬುದನ್ನು ಅಲ್ಲಿಯ ಮಣ್ಣಿನ ಹಲಗೆಗಳ ಲೆಕ್ಕಗಳು ಸಾರುತ್ತವೆ. ಕ್ರಿ.ಪೂ. ಸುಮಾರು 1800ರ ಕಾಲದ, ಬಿಯರಿನ ಅಧಿದೇವತೆಯಾದ ನಿಂಕಾಸಿಯ ಸ್ತೋತ್ರವಂತೂ, ದೇವಿಯನ್ನು ಕೊಂಡಾಡುತ್ತಲೇ ಮೊಳೆತ ಧಾನ್ಯವನ್ನು ನೆನೆಸುವ, ಬೆಂದ ಗಂಜಿಯನ್ನು ಜೊಂಡಿನ ಚಾಪೆಗಳ ಮೇಲೆ ಹರಡುವ, ಕಡೆಗೆ ಸೋಸುವ ಕ್ರಮವನ್ನೆಲ್ಲ ವರ್ಣಿಸುತ್ತದೆ. ಪಾಕವಿಧಿಯೊಂದು ಪ್ರಾರ್ಥನೆಯಾಗಿ ಉಳಿದುಬಂದಿರುವುದು ಎಂತಹ ಭಾಗ್ಯ! ದೊಡ್ಡ ಗಡಿಗೆಯ ಸುತ್ತ ಕುಳಿತು ನೀಳವಾದ ಕೊಳವೆಗಳಿಂದ ಅದನ್ನು ಹೀರುವ ಜನರ ಚಿತ್ರಗಳು ಆ ನಾಡಿನ ಮುದ್ರೆಗಳಲ್ಲಿವೆ.

ಈ ವಿದ್ಯೆಯ ಮರ್ಮವಿರುವುದು ಮೊಳಕೆಯಲ್ಲಿ. ಜವೆಗೋಧಿಯ ಪಿಷ್ಟವನ್ನು ಯೀಸ್ಟ್ ನೇರವಾಗಿ ಉಣ್ಣಲಾರದು. ಆದರೆ ನಮ್ಮ ಮನೆಗಳಲ್ಲಿ ರಾಗಿಯನ್ನು ಬಟ್ಟೆಯಲ್ಲಿ ಮೊಳಕೆ ಕಟ್ಟಿದಾಗ ಆಗುವಂತೆಯೇ, ನೆನೆದ ಕಾಳು ಬಿರಿದು ಬೇರಿನ ಬಿಳಿಯ ಎಳೆ ಇಣುಕುವ ಹೊತ್ತಿಗೆ, ಸಸಿಯ ಪೋಷಣೆಗೆಂದು ಅದರೊಳಗೆ ಕಿಣ್ವಗಳು ಸಿದ್ಧವಾಗಿರುತ್ತವೆ. ಆಗ ಅದನ್ನು ಬಿಸಿಗಾಳಿಯಲ್ಲಿ ಒಣಗಿಸಿ, ತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕಲಸಿಟ್ಟರೆ ಪಿಷ್ಟವು ಸಕ್ಕರೆಯಾಗಿ ಪರಿಣಮಿಸುತ್ತದೆ. ಸೋಸಿದ ಸಿಹಿರಸವನ್ನು ಹಾಪ್ಸ್ ಹೂಗಳೊಡನೆ ಕುದಿಸಿದರೆ ಕಹಿಯೂ ಪರಿಮಳವೂ ಕೂಡುತ್ತವೆ. ತಣಿದ ಮೇಲೆ ಬೆರೆಸಿದ ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡುಗಳಾಗಿ ಮಾರ್ಪಡಿಸುತ್ತದೆ.

ಬವೇರಿಯದ 1516ರ ಪ್ರಸಿದ್ಧ ಶಾಸನವು ಜವೆ, ಹಾಪ್ಸ್, ನೀರುಗಳನ್ನು ಮಾತ್ರ ಹೆಸರಿಸಿ ಯೀಸ್ಟಿನ ಮಾತನ್ನೇ ಎತ್ತಲಿಲ್ಲ. ಆ ಅದೃಶ್ಯ ಜೀವಿಯ ಕಾರ್ಯವನ್ನು ಲೂಯಿ ಪಾಸ್ಚರ್ ತನ್ನ ಪ್ರಯೋಗಗಳಿಂದ ಸ್ಥಾಪಿಸಿ 1876ರಲ್ಲಿ ಬಿಯರನ್ನು ಕುರಿತೇ ಗ್ರಂಥವೊಂದನ್ನು ಪ್ರಕಟಿಸಿದನು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದನು.