ನ್ಯೂಟ್ರಲಿನಲ್ಲಿ ಜಾರುವ ಕಾರು

ಇಳಿಜಾರಿನಲ್ಲಿ ಕಾರು ತನ್ನ ತೂಕದಿಂದಲೇ ಓಡುತ್ತದೆ. ಹಾಗಿರುವಾಗ ಎಂಜಿನನ್ನು ಚಕ್ರಗಳಿಂದ ಬೇರ್ಪಡಿಸಿ ಪೆಟ್ರೋಲನ್ನೇಕೆ ಉಳಿಸಬಾರದು? ಈ ಯೋಚನೆ ಹೊಸದಲ್ಲ. 1930ರ ಸುಮಾರಿಗೆ ಅಮೆರಿಕೆಯ ಸ್ಟುಡಿಬೇಕರ್ ಕಾರುಗಳಲ್ಲಿ ಫ್ರೀವೀಲ್ ಎಂಬ ಸಾಧನ ಬಂದಿತು. ಸೈಕಲ್ಲಿನ ಹಿಂಚಕ್ರದಲ್ಲಿರುವ ಫ್ರೀವೀಲನ್ನು ವಾಚಕರೆಲ್ಲರೂ ಬಲ್ಲರು, ತತ್ತ್ವ ಅದೇ. ಸ್ವೀಡನ್ನಿನ ಸಾಬ್ ಕಾರುಗಳಲ್ಲಿ ಅದಕ್ಕೆ ಬೇರೊಂದು ಕಾರಣವಿದ್ದಿತು. ಅವುಗಳ ಟೂ ಸ್ಟ್ರೋಕ್ ಎಂಜಿನಿಗೆ ಕೀಲೆಣ್ಣೆಯು ಪೆಟ್ರೋಲಿನೊಡನೆ ಬೆರೆತೇ ಬರುತ್ತಿದ್ದಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪೆಟ್ರೋಲಿನ ಜೊತೆಗೆ ಎಣ್ಣೆಯೂ ಕಡಿಮೆಯಾಗುವುದು. ಅದೇ ವೇಳೆಗೆ ಚಕ್ರಗಳು ಎಂಜಿನನ್ನು ವೇಗವಾಗಿ ತಿರುಗಿಸಿದರೆ ಅದು ಎಣ್ಣೆಯಿಲ್ಲದೆ ಸವೆಯುವುದು. ಫ್ರೀವೀಲ್ ಇದನ್ನು ತಪ್ಪಿಸುತ್ತಿದ್ದಿತು.

ಸ್ವಯಂಚಾಲಿತ ಗೇರುಪೆಟ್ಟಿಗೆಯ ಕಾರಿಗೂ ಇಂಥ ಸೌಕರ್ಯವನ್ನು ಒಂದು ಸ್ವಿಚ್ಚಿನಿಂದ ಒದಗಿಸಬಹುದೆಂದು ಕೆಲವರು ಭಾವಿಸುತ್ತಾರೆ: ಕಾಲೆತ್ತಿದರೆ ನ್ಯೂಟ್ರಲ್, ಒತ್ತಿದರೆ ಗೇರು. ಆದರೆ ಪೆಟ್ಟಿಗೆಯ ಒಳಗನ್ನು ಸ್ವಲ್ಪ ನೋಡಬೇಕು. ಅಲ್ಲಿ ಗೇರುಗಳನ್ನು ಹಿಡಿಯುವುದೂ ಬಿಡುವುದೂ ಎಣ್ಣೆಯ ಒತ್ತಡದಿಂದ ಕೆಲಸಮಾಡುವ ಕ್ಲಚ್ಚುಗಳು. ಆ ಒತ್ತಡವನ್ನು ಕೊಡುವ ಪಂಪನ್ನು ಸಾಮಾನ್ಯವಾಗಿ ತಿರುಗಿಸುವುದು ಎಂಜಿನೇ ಹೊರತು ಚಕ್ರಗಳಲ್ಲ. ನ್ಯೂಟ್ರಲಿನಲ್ಲಿ ಎಂಜಿನು ನಿಮಿಷಕ್ಕೆ ಸುಮಾರು 700 ಸುತ್ತಿಗೆ ಇಳಿಯುತ್ತದೆ, ಎಣ್ಣೆಯ ಹರಿವೂ ತಗ್ಗುತ್ತದೆ. ಚಕ್ರಗಳಿಗೆ ಸೇರಿದ ಭಾಗಗಳು ಮಾತ್ರ ಮೊದಲಿನ ವೇಗದಲ್ಲಿಯೇ ತಿರುಗುತ್ತಿರುತ್ತವೆ. ಎಂಜಿನನ್ನೇ ನಿಲ್ಲಿಸಿದರಂತೂ ಪಂಪೂ ನಿಂತುಹೋಗುತ್ತದೆ. ಇನ್ನು, ಮತ್ತೆ ಗೇರು ಹಿಡಿಯುವ ಕ್ಷಣ. ಗೇರಿಗೆ 2,000 ಸುತ್ತು ಬೇಕು, ಎಂಜಿನಿನಲ್ಲಿರುವುದು 700. ಈ ಅಂತರವನ್ನು ತುಂಬುವವರೆಗೆ ಕ್ಲಚ್ಚಿನ ತಟ್ಟೆಗಳು ಒಂದರ ಮೇಲೊಂದು ಉಜ್ಜಿ ಕಾಯುತ್ತವೆ. ಒಮ್ಮೆಯಾದರೆ ಚಿಂತೆಯಿಲ್ಲ, ದಿನಕ್ಕೆ ನೂರು ಸಲವಾದರೆ? 2011ರಲ್ಲಿ ಹೊರಬಂದ ಪೋರ್ಷೆ 911ರ ಎರಡು ಕ್ಲಚ್ಚಿನ ಗೇರುಪೆಟ್ಟಿಗೆಯೂ ಹೀಗೆ ಜಾರಬಲ್ಲದು. ಆದರೆ ಅಲ್ಲಿ ಗಣಕಯಂತ್ರವು ಮೊದಲು ಎಂಜಿನಿನ ವೇಗವನ್ನು ಹೊಂದಿಸಿ, ಬಳಿಕವೇ ಕ್ಲಚ್ಚನ್ನು ಹಿಡಿಸುತ್ತದೆ. ಬರಿಯ ಸ್ವಿಚ್ಚಿಗೆ ಈ ಜಾಣತನವೆಲ್ಲಿಯದು!

ಪೆಟ್ರೋಲಿನ ಲೆಕ್ಕವೂ ಎಣಿಸಿದಷ್ಟು ಸುಲಭವಲ್ಲ. ಕಾರ್ಬುರೇಟರಿನ ಕಾಲದಲ್ಲಿ ನ್ಯೂಟ್ರಲಿನಿಂದ ಉಳಿತಾಯವಿದ್ದುದು ನಿಜ. ಇಂಧನವನ್ನು ಚಿಮ್ಮಿಸುವ ಈಗಿನ ಎಂಜಿನುಗಳಲ್ಲಾದರೋ, ಗೇರಿನಲ್ಲಿ ಇಳಿಯುತ್ತ ಕಾಲೆತ್ತಿದರೆ ಇಂಧನವು ಸಾಮಾನ್ಯವಾಗಿ ಪೂರ್ತಿ ಕಡಿದುಹೋಗುತ್ತದೆ. ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲಿನಲ್ಲಿ ಮಾತ್ರ ಅದು ತನ್ನನ್ನು ತಾನೇ ತಿರುಗಿಸಿಕೊಳ್ಳಬೇಕಾಗಿ, ಗಂಟೆಗೆ ಅರ್ಧ ಲೀಟರೋ ಒಂದು ಲೀಟರೋ ಉರಿಸುತ್ತದೆ. ಆದುದರಿಂದ ಕಡಿದಾದ ಇಳಿಜಾರಿನಲ್ಲಿ ನ್ಯೂಟ್ರಲಿನಿಂದ ನಷ್ಟವೇ. ಬಹುಮಟ್ಟಿಗೆ ಸಮವಾದ ರಸ್ತೆಯಲ್ಲಿ ಲಾಭವುಂಟು. ಎಂಜಿನಿನ ಎಳೆತವಿಲ್ಲದ ಕಾರು ಹೆಚ್ಚು ದೂರ ಸಾಗುತ್ತದೆ.

ಘಟ್ಟದ ಮಾತೇ ಬೇರೆ. 1,200 ಕಿಲೋಗ್ರಾಂ ತೂಕದ ಕಾರು 600 ಮೀಟರ್ ಕೆಳಗಿಳಿದರೆ ಸುಮಾರು 70 ಲಕ್ಷ ಜೂಲುಗಳಷ್ಟು ಶಕ್ತಿ ಹೊರಬೀಳುತ್ತದೆ. 22 ಲೀಟರು ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಇದು ಸಾಕು! ಗಾಳಿಯೂ ಟಯರುಗಳೂ ಇದರಲ್ಲಿ ಒಂದು ಪಾಲನ್ನು ಕಳೆಯುತ್ತವೆ. ಗೇರಿನಲ್ಲಿದ್ದರೆ ಎಂಜಿನೂ ದೊಡ್ಡ ಪಾಲನ್ನು ಹೊರುತ್ತದೆ. ನ್ಯೂಟ್ರಲಿನಲ್ಲಿ ಆ ಪಾಲೂ ಬ್ರೇಕುಗಳ ಮೇಲೆ ಬೀಳುತ್ತದೆ. ಬ್ರೇಕು ಅತಿಯಾಗಿ ಕಾದರೆ ಅದರ ಹಿಡಿತ ತಗ್ಗುತ್ತದೆ. ಕೊಳವೆಯೊಳಗಿನ ದ್ರವ ಕುದಿದು ಆವಿಯಾದರೆ, ಪೆಡಲನ್ನು ಎಷ್ಟು ತುಳಿದರೂ ಒತ್ತಡವು ಚಕ್ರವನ್ನು ಮುಟ್ಟುವುದಿಲ್ಲ. ಸ್ವಯಂಚಾಲಿತ ಕಾರುಗಳ ಗೇರುಹಿಡಿಯ ಬಳಿ 'ಎಲ್' ಎಂದೋ '2' ಎಂದೋ ಗುರುತಿಸಿದ ಸ್ಥಾನಗಳಿದ್ದರೆ, ಅವುಗಳ ಮುಖ್ಯ ಉಪಯೋಗಗಳಲ್ಲಿ ಒಂದು ಇಂಥ ಇಳಿಜಾರಿನಲ್ಲಿಯೇ.