ನೆಲಮಾಳಿಗೆಯಲ್ಲಿ ಅಡಗಿದ್ದ ಮೂರು ವರ್ಷ

ಅಡಿಲೇಡ್ ನಗರದ ಪೂರ್ವಕ್ಕೆ, ಗುಡ್ಡ ಏರತೊಡಗುವ ಕಡೆ ಮಗಿಲ್ ಎಂಬ ಬಡಾವಣೆಯಿದೆ. ಮನೆಗಳ ಸಾಲಿನ ನಡುವೆ ಇದ್ದಕ್ಕಿದ್ದಂತೆ ದ್ರಾಕ್ಷಿ ತೋಟ ಎದುರಾಗುತ್ತದೆ: ಐದು ಹೆಕ್ಟೇರ್ ಚಿಲ್ಲರೆ, ಅಷ್ಟೂ ಶಿರಾಜ್ ತಳಿ. ಉಳಿದ ತೋಟದ ಬಹುಭಾಗ 1980ರ ದಶಕದಲ್ಲಿ ಮನೆ ಕಟ್ಟುವವರ ಪಾಲಾಯಿತು. ಬೆಂಗಳೂರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. ಇಂಗ್ಲೆಂಡಿನಿಂದ ಬಂದ ವೈದ್ಯ ಕ್ರಿಸ್ಟೋಫರ್ ಪೆನ್‌ಫೋಲ್ಡ್ ಮತ್ತು ಪತ್ನಿ ಮೇರಿ 1844ರಲ್ಲಿ ಇಲ್ಲಿ ನೆಲೆಸಿದರು. ಅವರ ಪುಟ್ಟ ಮನೆಯ ಹೆಸರು ಗ್ರ್ಯಾಂಜ್. ಆ ಮನೆ ಇನ್ನೂ ಇದೆ. ಅದರ ಹೆಸರು ಹೊತ್ತ ವೈನ್ ಜಗತ್ತು ಸುತ್ತುತ್ತಿದೆ.

ಆದರೆ ಮಗಿಲ್‌ನಲ್ಲಿ ನೋಡಬೇಕಾದ್ದು ನೆಲದ ಕೆಳಗಿದೆ. ಸುರಂಗದಂಥ ಆ ತಣ್ಣನೆಯ ಮಾಳಿಗೆಗಳಲ್ಲಿ ಒಬ್ಬ ನೌಕರ ಪೆನ್‌ಫೋಲ್ಡ್ಸ್ ವೈನ್ ಕಂಪನಿಯ ಕಣ್ಣಿಗೇ ಮಣ್ಣೆರಚಿ ಕಂಪನಿಯದೇ ವೈನ್ ಬಚ್ಚಿಟ್ಟಿದ್ದರು.

ಆ ನೌಕರ ಮ್ಯಾಕ್ಸ್ ಶೂಬರ್ಟ್ 1931ರಲ್ಲಿ ಪೆನ್‌ಫೋಲ್ಡ್ಸ್ ಸೇರಿದ್ದು ಓಡಾಟದ ಕೆಲಸದ ಹುಡುಗನಾಗಿ. 1948ರ ಹೊತ್ತಿಗೆ ಮುಖ್ಯ ವೈನ್ ತಯಾರಕರು. ಶೆರ್ರಿ ಮಾಡುವ ಬಗೆ ಕಲಿತು ಬರಲೆಂದು 1950ರಲ್ಲಿ ಕಂಪನಿ ಅವರನ್ನು ಸ್ಪೇನ್‌ಗೆ ಕಳಿಸಿತು. ಆಗ ಆಸ್ಟ್ರೇಲಿಯನ್ನರು ಕುಡಿಯುತ್ತಿದ್ದುದೇ ಹೆಚ್ಚಾಗಿ ಅಂಥ ಸಿಹಿ, ಗಡುಸು ಪಾನೀಯ. ಬರುವ ದಾರಿಯಲ್ಲಿ ಅವರು ಫ್ರಾನ್ಸಿನ ಬೋರ್ಡೋಗೆ ಹೊಕ್ಕು, ನಾಲ್ಕೈದು ದಶಕ ಕಳೆದರೂ ಜೀವ ಆರದ ಕೆಂಪು ವೈನ್‌ಗಳ ರುಚಿ ನೋಡಿದರು. ಅಲ್ಲಿಗೆ ಶೆರ್ರಿ ಮೂಲೆಗೆ ಬಿತ್ತು. ಊರಿಗೆ ಮರಳಿ 1951ರಲ್ಲಿ ಗ್ರ್ಯಾಂಜ್‌ನ ಪ್ರಯೋಗಕ್ಕಿಳಿದರು. ಬೋರ್ಡೋದ ಕ್ಯಾಬರ್ನೆ ದ್ರಾಕ್ಷಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಆಗ ಅಪರೂಪ, ಶಿರಾಜ್ ಧಾರಾಳ. ಸರಿ, ಶಿರಾಜೇ ಆಗಲಿ. ಫ್ರೆಂಚ್ ಓಕ್ ಬದಲು ಅಮೆರಿಕದ ಹೊಸ ಓಕ್ ಪೀಪಾಯಿ, ಐದೇ ಐದು.

ಕೆಲ ವರ್ಷದ ಬಳಿಕ ಸಿಡ್ನಿಯಲ್ಲಿ ಬಲ್ಲವರಿಗೆ ರುಚಿ ತೋರಿಸಿದಾಗ ಮಂಗಳಾರತಿಯಾಯಿತು. ಕಾಡುಹಣ್ಣುಗಳ ಜೊತೆ ಇರುವೆ ಅರೆದು ಹಾಕಿದಂತಿದೆ ಎಂದರು ಒಬ್ಬರು. (ಚಗಳಿ ಇರುವೆಯ ಚಟ್ನಿ ಬಲ್ಲ ಮಲೆನಾಡಿಗರು ಇದನ್ನು ಬೈಗುಳವೆಂದು ಒಪ್ಪಲಿಕ್ಕಿಲ್ಲ.) 1957ರಲ್ಲಿ ಆಡಳಿತ ಮಂಡಳಿ ತಯಾರಿಕೆಯನ್ನೇ ನಿಲ್ಲಿಸಲು ಆದೇಶಿಸಿತು. ಮಂಡಳಿ ಇದ್ದದ್ದು ದೂರದ ಸಿಡ್ನಿಯಲ್ಲಿ. ಮಗಿಲ್‌ನಲ್ಲಿ ಪೆನ್‌ಫೋಲ್ಡ್ ಮನೆತನದವರೇ ಆದ ಜೆಫ್ರಿ ಪೆನ್‌ಫೋಲ್ಡ್ ಹೈಲ್ಯಾಂಡ್ ಕಂಡೂ ಕಾಣದಂತಿದ್ದರು. ಹೀಗೆ 1957, 58, 59 ಮೂರೂ ವರ್ಷ ಗ್ರ್ಯಾಂಜ್ ಗುಟ್ಟಾಗಿ ಹುದುಗಿತು. ಹೊಸ ಪೀಪಾಯಿಗೆ ಹಣ ಕೇಳುವಂತಿರಲಿಲ್ಲ, ಹಳೆಯವುಗಳಲ್ಲೇ ನಿಭಾಯಿಸಿದರು. ಅಷ್ಟರಲ್ಲಿ ಮೊದಲ ಬಾಟಲಿಗಳು ಪಕ್ವವಾಗಿ ರುಚಿ ತಿರುಗಿತ್ತು. 1960ರಲ್ಲಿ ಮಂಡಳಿಯೇ ಮತ್ತೆ ಶುರುಮಾಡಿ ಎಂದಿತು. 1962ರಲ್ಲಿ ಸಿಡ್ನಿಯಲ್ಲಿ 1955ರ ಗ್ರ್ಯಾಂಜ್‌ಗೆ ಚಿನ್ನದ ಪದಕ!

ಗ್ರ್ಯಾಂಜ್ ಒಂದೇ ತೋಟದ ಕೂಸಲ್ಲ. ಬಹುಪಾಲು ಬರೊಸ್ಸಾ ಕಣಿವೆಯದು; ವರ್ಷ ನೋಡಿಕೊಂಡು ಮೆಕ್‌ಲಾರೆನ್ ವೇಲ್, ಕ್ಲೇರ್ ಕಣಿವೆಗಳ ಹಣ್ಣೂ ಕೂಡುತ್ತದೆ. ಮಣ್ಣಿನ ಗುಣವನ್ನೇ ಪೂಜಿಸುವವರಿಗೆ ಇದು ಸಹಿಸದು. ಅವರು ಈಡನ್ ಕಣಿವೆಯ ಹೆನ್‌ಷ್ಕಿ ಮನೆತನದ ‘ಹಿಲ್ ಆಫ್ ಗ್ರೇಸ್’ ಕಡೆ ಬೆರಳು ತೋರುತ್ತಾರೆ. ಚರ್ಚಿನ ಎದುರಿನ ಒಂದೇ ತೋಟ, 1860ರ ಸುಮಾರಿನ ಬಳ್ಳಿ. ತಕರಾರಿನಲ್ಲಿ ಹುರುಳಿದೆ. ಅಷ್ಟು ಹಳೆಯ ಬಳ್ಳಿ ಯುರೋಪಿನಲ್ಲೇ ಸಿಗುವುದು ಕಷ್ಟ. ಬೇರು ತಿನ್ನುವ ಫಿಲೊಕ್ಸೆರಾ ಕೀಟ ಅಲ್ಲಿನ ತೋಟಗಳನ್ನು ನುಂಗಿತು. 1877ರಲ್ಲಿ ಪಕ್ಕದ ವಿಕ್ಟೋರಿಯಾಕ್ಕೂ ಬಂತು, ದಕ್ಷಿಣ ಆಸ್ಟ್ರೇಲಿಯಾಕ್ಕೆ ಮಾತ್ರ ಕಾಲಿಡಲಿಲ್ಲ. ಬರೊಸ್ಸಾದ ಲ್ಯಾಂಗ್‌ಮೀಲ್‌ನಲ್ಲಿ 1843ರ ಶಿರಾಜ್ ಇಂದಿಗೂ ಫಲ ಕೊಡುತ್ತಿದೆ. ಕೀಟ ಮಾಡದ ಕೆಲಸಕ್ಕೆ ಸರ್ಕಾರವೇ ಕೈಹಾಕಿದ್ದು ವಿಚಿತ್ರ: 1980ರ ದಶಕದಲ್ಲಿ ದ್ರಾಕ್ಷಿ ಮಿತಿಮೀರಿತೆಂದು ಬಳ್ಳಿ ಕೀಳಲು ರೈತರಿಗೆ ದುಡ್ಡು ಕೊಟ್ಟಿತು.

ಇನ್ನು 1959ರ ಗುಟ್ಟಿನ ಬಾಟಲಿ. ಹೊಸ ಓಕ್ ಕಾಣದ ಆ ಮೂರು ವರ್ಷದ ವೈನ್ ಅಷ್ಟಕ್ಕಷ್ಟೇ ಎನ್ನುವ ಪಾರಖಿಗಳಿದ್ದಾರೆ. ಆದರೂ ಒಂದು ಸರ್ಕಾರದ ಮುಖ್ಯಸ್ಥರನ್ನು ಕೆಳಗಿಳಿಸುವ ಶಕ್ತಿ ಅದಕ್ಕಿತ್ತು. ನ್ಯೂ ಸೌತ್ ವೇಲ್ಸ್‌ನ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ, ಬ್ಯಾರಿ ಓಫಾರೆಲ್ ಹುಟ್ಟಿದ್ದು 1959ರಲ್ಲಿ. 2011ರಲ್ಲಿ ಚುನಾವಣೆ ಗೆದ್ದಾಗ ಉದ್ಯಮಿಯೊಬ್ಬರು ಅದೇ ವರ್ಷದ, ಸುಮಾರು 3,000 ಆಸ್ಟ್ರೇಲಿಯನ್ ಡಾಲರಿನ ಗ್ರ್ಯಾಂಜ್ ಕಳಿಸಿದರು. ಅಂಥದ್ದು ಬಂದ ನೆನಪೇ ಇಲ್ಲ ಎಂದು ಓಫಾರೆಲ್ 2014ರಲ್ಲಿ ಭ್ರಷ್ಟಾಚಾರ ತನಿಖಾ ಆಯೋಗದ ಮುಂದೆ ಹೇಳಿದರು. ಮರುದಿನ ಅವರದೇ ಕೈಬರಹದ ಧನ್ಯವಾದ ಪತ್ರ ಹೊರಬಿತ್ತು. 1959 ಒಳ್ಳೆಯ ವರ್ಷವೆಂಬ ಚಟಾಕಿಯೂ ಅದರಲ್ಲಿತ್ತು. ಏಪ್ರಿಲ್ 16ರಂದು ಅವರು ರಾಜೀನಾಮೆ ಘೋಷಿಸಿದರು. ದಾರಿ ತಪ್ಪಿಸುವ ಉದ್ದೇಶ ಅವರಿಗಿರಲಿಲ್ಲ ಎಂದು ಆಯೋಗವೇ ಒಪ್ಪಿತು. ನಮ್ಮಲ್ಲಾಗಿದ್ದರೆ ಇಷ್ಟಕ್ಕೆಲ್ಲ ಕುರ್ಚಿ ಅಲುಗಾಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಅದೇ ಓಫಾರೆಲ್ 2020ರಲ್ಲಿ ಭಾರತಕ್ಕೆ ಹೈಕಮಿಷನರ್ ಆಗಿ ಬಂದರು. ಅವರು ದೆಹಲಿಯಲ್ಲಿದ್ದಾಗಲೇ, 2022ರಲ್ಲಿ, ಎರಡು ದೇಶಗಳ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಇಳಿದ ಸುಂಕಗಳಲ್ಲಿ ವೈನ್‌ನದೂ ಒಂದು. ಆಮದು ಬೆಲೆ 5 ಅಮೆರಿಕನ್ ಡಾಲರ್ ದಾಟಿದ ಬಾಟಲಿಗೆ ಶೇ 150ರಿಂದ 100ಕ್ಕೆ, 15 ಡಾಲರ್ ದಾಟಿದ್ದಕ್ಕೆ ಶೇ 75ಕ್ಕೆ. ಎರಡನೆಯದು ಹತ್ತು ವರ್ಷದಲ್ಲಿ ಶೇ 25ಕ್ಕೆ ಇಳಿಯಬೇಕು. ಹದಿನಾರು ಡಾಲರಿನ ಸಾದಾ ಶಿರಾಜ್‌ಗೂ ಗ್ರ್ಯಾಂಜ್‌ಗೂ ಒಂದೇ ದರ. ಬೆಂಗಳೂರು ಮುಟ್ಟುವ ಬಾಟಲಿಗೆ ರಾಜ್ಯದ ಅಬಕಾರಿ ಲೆಕ್ಕ ಪ್ರತ್ಯೇಕ.