ಡೆಬಿಟ್ ಕಾರ್ಡು ಮತ್ತು ನಮ್ಮ ಅಪ್ಪಣೆ

ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ನಿಂತು ಕನ್ನಡ ಕಾವ್ಯವನ್ನು ಪಾಠ ಹೇಳಿದವನು ನಾನು. ಪದ್ಯದಲ್ಲಿ ಒಂದು ಅಕ್ಷರ ತಪ್ಪಿದರೂ ಹುಡುಗರನ್ನು ತಡೆದು ನಿಲ್ಲಿಸುತ್ತಿದ್ದೆ. ಅಂಥವನು 2023ರ ಒಂದು ಶನಿವಾರದ ಸಂಜೆ ಅಂಕೋಲೆಯ ಪೇಟೆಯಲ್ಲಿ, ಎಟಿಎಂ ಯಂತ್ರದ ಮುಂದೆ ದಿಕ್ಕು ತೋಚದೆ ನಿಂತಿದ್ದೆ. ಯಂತ್ರ ಎರಡು ಬಾರಿ ಹಣ ಕೊಡಲು ನಿರಾಕರಿಸಿತ್ತು. ಹಿಂದೆ ನಿಂತಿದ್ದ ತರುಣನೊಬ್ಬ, "ತಡೀರಿ ಅಜ್ಜಾ, ನಾ ತೆಗ್ದುಕೊಡ್ತೆ" ಎಂದ. ನಮ್ಮ ಕಡೆಯದೇ ಮಾತು. ಅದನ್ನು ಕೇಳಿಯೇ ನನಗೆ ವಿಶ್ವಾಸ ಮೂಡಿತು. ಅಜ್ಜ ಎಂದುದು ಮಾತ್ರ ಸ್ವಲ್ಪ ಚುಚ್ಚಿತು. ಕಾರ್ಡನ್ನು ಅವನ ಕೈಗಿತ್ತೆ, ಅವನ ಕಣ್ಣೆದುರಿನಲ್ಲೇ ನಾಲ್ಕು ಅಂಕಿಗಳನ್ನು ಒತ್ತಿದೆ. ಯಂತ್ರ ಕೆಟ್ಟಿದೆಯೆಂದು ಹೇಳಿ ಅವನು ಕಾರ್ಡನ್ನು ಹಿಂದಿರುಗಿಸಿದ. ಅದೇ ಬಣ್ಣ, ಅದೇ ಅಳತೆ. ಆದರೆ ಅದು ನನ್ನದಾಗಿರಲಿಲ್ಲ.

ಅಂದು ರಾತ್ರಿ ಫೋನಿನಲ್ಲಿ ಸಂದೇಶ ಬಂತು: ಖಾತೆಯಿಂದ 10,000 ರೂಪಾಯಿ ಹೋಗಿದೆ. ಭಾನುವಾರ ಮತ್ತೆ 10,000. ಸೋಮವಾರ ಬೆಳಿಗ್ಗೆ ಮತ್ತೆ 10,000. ನಾನು ಯಾರಿಗೂ ಹೇಳಲಿಲ್ಲ, ಮನೆಯವಳಿಗೂ ಹೇಳಲಿಲ್ಲ. ಕಲಿತವನು ಮೋಸಹೋದನೆಂಬ ಮಾತಿಗೆ ಅಂಜಿದೆ. ಕೊನೆಗೆ ಸೋಮವಾರ ಮಧ್ಯಾಹ್ನ ಕಾರವಾರದ ಶಾಖೆಗೆ ಹೋದಾಗ, ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯಾಗಿದ್ದ ಗುಮಾಸ್ತ ಎಲ್ಲವನ್ನೂ ಕೇಳಿ ಮೆಲ್ಲಗೆ ಹೇಳಿದ: "ಸರ್, ಶನಿವಾರ ರಾತ್ರಿಯೇ ಒಂದು ಫೋನ್ ಮಾಡಿದ್ದರೆ ಇಪ್ಪತ್ತು ಸಾವಿರ ಉಳಿಯುತ್ತಿತ್ತು. ಯಾಕೆ ಮಾಡಲಿಲ್ಲ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಆ ದಿನದಿಂದ, ಈ ಅಂಗೈಯಗಲದ ತುಂಡು ಎಂಥದು, ಅದು ನಮ್ಮ ಹೆಸರಿನಲ್ಲಿ ಏನನ್ನು ನುಡಿಯುತ್ತದೆ ಎಂಬುದನ್ನು ತಿಳಿಯಬೇಕೆನಿಸಿತು. ತಿಳಿದಷ್ಟನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲ ಮಾತು: ಕಾರ್ಡಿನಲ್ಲಿ ಹಣವಿಲ್ಲ. ಹಣವಿರುವುದು ಬ್ಯಾಂಕಿನ ಲೆಕ್ಕದಲ್ಲಿ. ಕಾರ್ಡು ಆ ಲೆಕ್ಕವನ್ನು ಗುರುತಿಸಿ ತೋರಿಸುವ ಮುದ್ರೆ ಮಾತ್ರ. ಡೆಬಿಟ್ ಎಂದರೆ ನಮ್ಮ ಕಿರ್ದಿಪುಸ್ತಕದ ಭಾಷೆಯಲ್ಲಿ ಖರ್ಚು ಹಾಕುವುದು. ನನ್ನ ಖಾತೆಯಲ್ಲಿ ಜಮೆಯಾಗಿರುವ ಹಣದಿಂದ ಇಷ್ಟನ್ನು ಖರ್ಚು ಹಾಕಿರಿ ಎಂದು ಬ್ಯಾಂಕಿಗೆ ಅಪ್ಪಣೆ ಕೊಡುವ ಸಾಧನ ಡೆಬಿಟ್ ಕಾರ್ಡು. ಕ್ರೆಡಿಟ್ ಕಾರ್ಡಿನದು ಬೇರೆ ರೀತಿ. ಅಲ್ಲಿ ಬ್ಯಾಂಕು ಮೊದಲು ತನ್ನ ಹಣವನ್ನು ಸಾಲವಾಗಿ ಕೊಟ್ಟು, ತರುವಾಯ ನಮ್ಮಿಂದ ವಸೂಲು ಮಾಡುತ್ತದೆ. ಮೂರನೆಯದು ಪ್ರೀಪೇಯ್ಡ್ ಕಾರ್ಡು. ಮುಂಗಡವಾಗಿ ತುಂಬಿದಷ್ಟನ್ನೇ ಅದರಿಂದ ಖರ್ಚು ಮಾಡಬಹುದು. ಕಳೆದರೆ ಪ್ರೀಪೇಯ್ಡಿನಲ್ಲಿ ತುಂಬಿದ ಹಣಕ್ಕೆ ಅಪಾಯ, ಕ್ರೆಡಿಟ್ಟಿನಲ್ಲಿ ಸಾಲದ ಹೊರೆ, ಡೆಬಿಟ್ಟಿನಲ್ಲಿ ನಮ್ಮ ಉಳಿತಾಯಕ್ಕೇ ಸಂಚಕಾರ. ಪಿಂಚಣಿಯಿಂದ ಬದುಕುವವರಿಗೆ ಈ ಮೂರನೆಯ ಭೇದ ಸಣ್ಣದಲ್ಲ.

ಡೆಬಿಟ್ ಕಾರ್ಡುಗಳಲ್ಲಿಯೂ ಪಂಗಡಗಳುಂಟು. ಕಾರ್ಡಿನ ಮೂಲೆಯಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಎಂಬ ಹೆಸರನ್ನು ಕಂಡಿದ್ದೀರಿ. ಇವು ಬ್ಯಾಂಕುಗಳಲ್ಲ, ಬ್ಯಾಂಕುಗಳ ನಡುವೆ ಸುದ್ದಿ ಒಯ್ಯುವ ಜಾಲಗಳು. ಮೊದಲೆರಡು ಹೊರದೇಶದವು. ರುಪೇ ನಮ್ಮದು, 2008ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಅದನ್ನು 2012ರಲ್ಲಿ ಆರಂಭಿಸಿತು. 2014ರ ಆಗಸ್ಟ್ 28ರಂದು ಜನಧನ ಯೋಜನೆ ಮೊದಲಾದ ಮೇಲೆ, ಎಂದೂ ಬ್ಯಾಂಕಿನ ಮೆಟ್ಟಿಲು ಹತ್ತದ ಮನೆಗಳಿಗೂ ರುಪೇ ಕಾರ್ಡು ಬಂತು. ನಮ್ಮ ಕರಾವಳಿಯಲ್ಲಿ ಮೀನಿನ ಬುಟ್ಟಿ ಹೊತ್ತು ಬರುವ ತಾಯಂದಿರ ಸೊಂಟದ ಚೀಲದಲ್ಲಿಯೂ ಇಂದು ಅದು ಇದೆ.

ಇನ್ನು ಅಪ್ಪಣೆ ನಡೆಯುವ ಬಗೆ. ಕಾರವಾರದ ಒಂದು ಬಟ್ಟೆಯಂಗಡಿಯಲ್ಲಿ ನೀವು 1,200 ರೂಪಾಯಿಗೆ ಕಾರ್ಡು ಕೊಟ್ಟಿರಿ ಎನ್ನೋಣ. ಅಂಗಡಿಯ ಯಂತ್ರ ಆ ಸುದ್ದಿಯನ್ನು ಅಂಗಡಿಯವನ ಬ್ಯಾಂಕಿಗೆ ಮುಟ್ಟಿಸುತ್ತದೆ. ಆ ಬ್ಯಾಂಕು ಜಾಲಕ್ಕೆ, ಜಾಲವು ನಿಮ್ಮ ಬ್ಯಾಂಕಿಗೆ ದಾಟಿಸುತ್ತದೆ. ನಿಮ್ಮ ಬ್ಯಾಂಕು ಕೆಲವು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳುತ್ತದೆ. ಈ ಕಾರ್ಡು ನಾವು ಕೊಟ್ಟದ್ದೇ? ಅದರ ಅವಧಿ ಉಂಟೇ? ಕಳೆದುಹೋಗಿದೆಯೆಂದು ಯಾರಾದರೂ ತಿಳಿಸಿದ್ದಾರೆಯೇ? ಗುಪ್ತಸಂಖ್ಯೆ ಸರಿಯೇ? ಖಾತೆಯಲ್ಲಿ ಅಷ್ಟು ಹಣವಿದೆಯೇ? ದಿನದ ಮಿತಿಯನ್ನು ಮೀರಿಲ್ಲವಷ್ಟೆ? ಎಲ್ಲಕ್ಕೂ ಸಮಾಧಾನ ದೊರೆತರೆ ಒಪ್ಪಿಗೆಯ ಉತ್ತರ ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಇಷ್ಟೆಲ್ಲ ನಡೆಯುವುದು ಕೆಲವೇ ಸೆಕೆಂಡುಗಳಲ್ಲಿ. ನಿಮ್ಮ ಲೆಕ್ಕದಲ್ಲಿ ಖರ್ಚು ಆಗಲೇ ಬೀಳುತ್ತದೆ. ಬ್ಯಾಂಕು ಬ್ಯಾಂಕುಗಳ ನಡುವಣ ಹಣದ ಚುಕ್ತಾ ಆಮೇಲೆ ನಡೆಯುತ್ತದೆ. ಮೊದಲನೆಯದು ಅಪ್ಪಣೆ, ಎರಡನೆಯದು ಪಾವತಿ. ಅಪ್ಪಣೆ ಹೊರಟುಹೋದ ಮೇಲೆ ಪಾವತಿಯನ್ನು ತಡೆಯುವುದು ಬಲು ಕಷ್ಟ.

ಈ ಪ್ರಶ್ನೆಗಳಲ್ಲಿ ಗುಪ್ತಸಂಖ್ಯೆಗೆ, ಅಂದರೆ ಪಿನ್ನಿಗೆ, ಏಕೆ ಇಷ್ಟು ಮಹತ್ವ? ಇದನ್ನು ನನಗೆ ತಿಳಿಸಿಕೊಟ್ಟದ್ದು ವಾಲ್ಮೀಕಿ. ಸುಂದರಕಾಂಡದಲ್ಲಿ ಹನುಮಂತ ಅಶೋಕವನದಿಂದ ಹೊರಡುವಾಗ ಒಂದು ಗುರುತನ್ನು ಬೇಡುತ್ತಾನೆ. ಸೀತೆ ಚೂಡಾಮಣಿಯನ್ನು ಕೊಡುತ್ತಾಳೆ. ಆದರೆ ಅಷ್ಟರಿಂದಲೇ ಅವಳು ತೃಪ್ತಳಲ್ಲ. ಚಿತ್ರಕೂಟದಲ್ಲಿ ಕಾಗೆಯೊಂದು ತನ್ನನ್ನು ಕುಕ್ಕಿದ್ದು, ರಾಮ ದರ್ಭೆಯನ್ನೇ ಅಸ್ತ್ರವಾಗಿ ಬಿಟ್ಟದ್ದು, ಈ ಏಕಾಂತದ ಪ್ರಸಂಗವನ್ನೂ ಹೇಳಿ ಕಳುಹಿಸುತ್ತಾಳೆ. ಆಭರಣವನ್ನು ಯಾರಾದರೂ ಕದ್ದು ತರಬಹುದು. ದಂಪತಿಗಳ ಏಕಾಂತದ ಕಥೆಯನ್ನು ಕದಿಯಲಾಗದು. ಕೈಯಲ್ಲಿರುವ ವಸ್ತು ಒಂದು, ಮನಸ್ಸಿನಲ್ಲಿರುವ ಮಾತು ಒಂದು; ಎರಡೂ ಕೂಡಿದಾಗ ಮಾತ್ರ ಗುರುತು ಪೂರ್ಣ. ಕಾರ್ಡು ಚೂಡಾಮಣಿಯಾದರೆ ಗುಪ್ತಸಂಖ್ಯೆ ಕಾಗೆಯ ಕಥೆ.

ಎರಡರಲ್ಲಿ ಒಂದನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ವಿಶಾಖದತ್ತನ ಮುದ್ರಾರಾಕ್ಷಸ ಸಾಕ್ಷಿ. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರಿತು. ಆ ಮುದ್ರೆಯೊತ್ತಿದ ಒಂದು ಕಪಟಪತ್ರ ರಾಕ್ಷಸನ ಪಕ್ಷವನ್ನೇ ಒಡೆಯಿತು. ಕನ್ನಡದಲ್ಲಿ ಕೆಂಪುನಾರಾಯಣನು 1823ರಲ್ಲಿ ಮುದ್ರಾಮಂಜೂಷವನ್ನು ರಚಿಸಿದ್ದು ಇದೇ ಕಥೆಯನ್ನು ಆಧರಿಸಿ. ಅದನ್ನು ಪಾಠ ಹೇಳಿದವನೇ ನಾನು ಉಂಗುರವನ್ನೂ ಕೊಟ್ಟೆ, ಗುಟ್ಟನ್ನೂ ಬಿಟ್ಟುಕೊಟ್ಟೆ.

ನಾಲ್ಕೇ ಅಂಕಿ ಏಕೆ ಎಂದು ಕೇಳುವವರುಂಟು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಮೊದಲ ನಗದು ಯಂತ್ರವನ್ನು ತೆರೆದಾಗ ಅದರ ಹಿಂದಿದ್ದವರು ಜಾನ್ ಶೆಪರ್ಡ್-ಬ್ಯಾರನ್. ಅವರು ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಆರು ಅಂಕಿಗಳ ಸಂಖ್ಯೆ ಅವರ ಮನಸ್ಸಿನಲ್ಲಿತ್ತಂತೆ. ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರದೆಂದು ಅಡುಗೆಮನೆಯ ಮೇಜಿನ ಬಳಿ ಹೆಂಡತಿ ಹೇಳಿದ್ದರಿಂದ ನಾಲ್ಕು ಉಳಿಯಿತೆಂದು ಅವರೇ ಹೇಳಿಕೊಂಡಿದ್ದಾರೆ. ನೆನಪಿನಲ್ಲಿ ಇಡಲೆಂದೇ ಕಿರಿದು ಮಾಡಿದ ಸಂಖ್ಯೆಯನ್ನು ನಾವು ಕಾರ್ಡಿನ ಲಕೋಟೆಯ ಮೇಲೆ ಬರೆದಿಡುತ್ತೇವೆ!

ಹಳೆಯ ಕಾರ್ಡುಗಳ ಬೆನ್ನಿಗೆ ಕಪ್ಪು ಕಾಂತಪಟ್ಟಿ ಮಾತ್ರ ಇತ್ತು. ಅದು ಬಾಯಿಪಾಠದ ಪದ್ಯದ ಹಾಗೆ. ಕೇಳಿದಾಗಲೆಲ್ಲ ಅದೇ ಮಾತನ್ನು ಒಪ್ಪಿಸುತ್ತದೆ. ಒಮ್ಮೆ ಕದ್ದು ಕೇಳಿದವನು ತಾನೂ ಅದನ್ನೇ ಒಪ್ಪಿಸಬಲ್ಲ. ಈಗ ಕಾರ್ಡಿನ ಮುಖದಲ್ಲಿ ಹೊಂಬಣ್ಣದ ಚಿಪ್ ಇದೆ. ಅದು ತಾಳಮದ್ದಲೆಯ ಅರ್ಥಧಾರಿಯ ಹಾಗೆ. ಎದುರಾಳಿಯ ಪ್ರತಿ ಪ್ರಶ್ನೆಗೂ ಆಗಲೇ ಹುಟ್ಟಿದ ಹೊಸ ಉತ್ತರವನ್ನು ಕೊಡುತ್ತದೆ. ನಿನ್ನೆಯ ಉತ್ತರ ಇಂದು ನಡೆಯದು. ಆದ್ದರಿಂದಲೇ ರಿಸರ್ವ್ ಬ್ಯಾಂಕು 2018ರ ಡಿಸೆಂಬರ್ ಕೊನೆಯೊಳಗೆ ಎಲ್ಲ ಕಾರ್ಡುಗಳನ್ನೂ ಚಿಪ್ಪಿಗೆ ಬದಲಾಯಿಸುವಂತೆ ಬ್ಯಾಂಕುಗಳಿಗೆ ಗಡುವು ವಿಧಿಸಿತು. ಅದಕ್ಕೂ ಮೊದಲೇ, 2013ರ ಡಿಸೆಂಬರಿನಿಂದ, ಅಂಗಡಿಗಳಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಒತ್ತುವುದು ಕಡ್ಡಾಯವಾಗಿತ್ತು.

ಇದಕ್ಕೆ ಒಂದು ಅಪವಾದವುಂಟು. ನಾಲ್ಕು ಅಲೆಗಳ ಗುರುತಿರುವ ಕಾರ್ಡನ್ನು ಯಂತ್ರಕ್ಕೆ ಸೋಕಿಸಿದರೆ ಸಾಕು, ಸಣ್ಣ ಮೊತ್ತಕ್ಕೆ ಪಿನ್ ಬೇಡ. ಈ ಮಿತಿಯನ್ನು 2021ರ ಜನವರಿ 1ರಿಂದ 2,000 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. ಇಲ್ಲಿ ಚೂಡಾಮಣಿಯೊಂದೇ ಸಾಕ್ಷಿ. ಕಳೆದುಕೊಂಡರೆ ಸಿಕ್ಕವನದೇ ರಾಜ್ಯ. ಈ ಸೌಕರ್ಯ ಬೇಡವಾದವರು ಅದನ್ನು ಮುಚ್ಚಿಸಬಹುದು. ಸೋಕಿಸುವ ಪಾವತಿ, ಅಂತರ್ಜಾಲದ ಪಾವತಿ, ವಿದೇಶದ ಪಾವತಿ, ಇವುಗಳನ್ನು ಬೇರೆಬೇರೆಯಾಗಿ ತೆರೆದು ಮುಚ್ಚುವ ಅನುಕೂಲವನ್ನು ಗ್ರಾಹಕನಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ಆಜ್ಞೆ ಮಾಡಿತು. ಹೋಗದ ಊರಿನ ಬಾಗಿಲು ತೆರೆದಿರಬೇಕಾದ ಅಗತ್ಯವಿಲ್ಲ.

ಅಂತರ್ಜಾಲದ ಮೂಲಕ ಕೊಳ್ಳುವಾಗ ಕಾರ್ಡು ಯಂತ್ರದ ಮುಂದೆ ಇರುವುದಿಲ್ಲ. ಅದರ ಸಂಖ್ಯೆ ಮಾತ್ರ ಇರುತ್ತದೆ. ಆದ್ದರಿಂದ 2009ರ ಆಗಸ್ಟ್ 1ರಿಂದ ಇನ್ನೊಂದು ದೃಢೀಕರಣ ಬೇಕೆಂಬ ನಿಯಮ ಬಂತು. ಫೋನಿಗೆ ಬರುವ ಓಟಿಪಿ, ಅಂದರೆ ಒಂದು ಸಲಕ್ಕೆ ಮಾತ್ರ ಸಲ್ಲುವ ಸಂಖ್ಯೆ, ಹೀಗೆ ಬಳಕೆಗೆ ಬಂತು. ಸಾಹಿತ್ಯದ ಓದುಗರಾದ ನಿಮಗೆ ಒಂದು ವಿನಂತಿ: ಆ ಸಂದೇಶವನ್ನು ಪೂರ್ಣವಾಗಿ ಓದಿರಿ. ಸಂಖ್ಯೆಯ ಜೊತೆಗೆ ಎಷ್ಟು ಹಣ, ಯಾವ ಅಂಗಡಿಗೆ ಎಂಬುದೂ ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಓದದೆ ಸಂಖ್ಯೆಯನ್ನು ಹೇಳುವುದೂ, ಓದದೆ ಕಾಗದಕ್ಕೆ ರುಜು ಹಾಕುವುದೂ ಒಂದೇ. ಇನ್ನೂ ಒಂದು ಸೂತ್ರ: ಹಣ ನಮಗೆ ಬರುವುದಕ್ಕೆ ನಮ್ಮ ಪಿನ್ ಬೇಡ, ಓಟಿಪಿಯೂ ಬೇಡ. ಹಣ ಕೊಡುತ್ತೇವೆಂದು ಹೇಳಿ ಗುಟ್ಟು ಕೇಳುವವನು ತೆಗೆದುಕೊಳ್ಳಲು ಬಂದವನೇ.

ಆದರೂ ನಮ್ಮ ಕರಾವಳಿಯ ಹಿರಿಯರು ಏಕೆ ಗುಟ್ಟನ್ನು ಹೇಳಿಬಿಡುತ್ತಾರೆ? ಇದು ದಡ್ಡತನವಲ್ಲ, ವಿಶ್ವಾಸ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಸಂಗ್ರಹಿಸಿತು. ಬ್ಯಾಂಕಿನವನೆಂದರೆ ಮನೆಯವನೆಂಬ ಭಾವನೆ ನಮ್ಮಲ್ಲಿ ಹೀಗೆ ಬೇರೂರಿತು. ಮೋಸಗಾರ ಬಳಸುವುದು ಈ ಬೇರನ್ನೇ. ಮೇಲಾಗಿ ನಮಗೆ ಪರಿಚಿತವಾದ ಹೆಸರುಗಳು ಒಂದೊಂದಾಗಿ ಬದಲಾದವು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾವನ್ನು ಸೇರಿತು. 2020ರಲ್ಲಿ ಸಿಂಡಿಕೇಟ್ ಕೆನರಾವನ್ನು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕನ್ನು ಸೇರಿದವು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಯಿತು. "ಬ್ಯಾಂಕಿನ ಹೆಸರು ಬದಲಾಗಿದೆ, ಕಾರ್ಡು ನಿಂತುಹೋಗುತ್ತದೆ, ಸಂಖ್ಯೆ ಹೇಳಿ" ಎನ್ನುವವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ? ಪಿಗ್ಮಿಯವನು ಹಣ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಗುಟ್ಟನ್ನು ಅವನು ಎಂದೂ ಕೇಳಲಿಲ್ಲ. ಈ ಭೇದವನ್ನು ಮರೆಯಬಾರದು.

ಕೊನೆಗೆ, ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಬರುತ್ತೇನೆ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೊಣೆಯನ್ನು ಹಂಚಿತು. ಬ್ಯಾಂಕಿನ ತಪ್ಪಿನಿಂದ ನಷ್ಟವಾದರೆ ಗ್ರಾಹಕನಿಗೆ ಹೊಣೆಯಿಲ್ಲ. ಇಬ್ಬರ ತಪ್ಪೂ ಇಲ್ಲದೆ ನಡುವೆ ಎಲ್ಲಿಯೋ ಸೋರಿದ್ದರೆ, ಬ್ಯಾಂಕಿನಿಂದ ಸುದ್ದಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ಹೊಣೆಯಿಲ್ಲ; ನಾಲ್ಕರಿಂದ ಏಳು ದಿನಗಳಾದರೆ ಒಂದು ಮಿತಿಯವರೆಗೆ ಅವನು ಹೊರಬೇಕು. ನನ್ನ ಹಾಗೆ ಗುಟ್ಟನ್ನು ತಾನೇ ಬಿಟ್ಟುಕೊಟ್ಟವನು, ಬ್ಯಾಂಕಿಗೆ ತಿಳಿಸುವ ಗಳಿಗೆಯವರೆಗಿನ ನಷ್ಟವನ್ನೆಲ್ಲ ಹೊರಬೇಕು. ತಿಳಿಸಿದ ನಂತರದ ನಷ್ಟ ಬ್ಯಾಂಕಿನದು. ಗಮನಿಸಿರಿ, ಎಲ್ಲ ಪಂಗಡಗಳಲ್ಲಿಯೂ ತೂಕವಿರುವುದು ತಿಳಿಸಿದ ಗಳಿಗೆಗೆ. ನನ್ನ ಮೊದಲ ಹತ್ತು ಸಾವಿರವನ್ನು ಒಯ್ದವನು ಆ ತರುಣ. ಉಳಿದ ಇಪ್ಪತ್ತು ಸಾವಿರವನ್ನು ಅವನ ಕೈಗೆ ಕೊಟ್ಟದ್ದು ನನ್ನ ನಾಚಿಕೆ.

ಆದ್ದರಿಂದ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಕಾರ್ಡನ್ನು ನಿಲ್ಲಿಸಿರಿ. ಆಮೇಲೆ 1930ಕ್ಕೆ ದೂರು ಕೊಡಿರಿ. ದುಃಖಪಡುವುದಕ್ಕೆ ತರುವಾಯ ಬೇಕಾದಷ್ಟು ಸಮಯ ಸಿಗುತ್ತದೆ. ನಾನು ಈಗ ಬ್ಯಾಂಕಿನ ಸಹಾಯವಾಣಿಯ ಸಂಖ್ಯೆಯನ್ನು, ಕಾರ್ಡಿನ ಹಿಂಬದಿಯಿಂದ ನೋಡಿಕೊಂಡು, ಗೋಡೆಯ ಪಂಚಾಂಗದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ನಮ್ಮ ಮನೆಗೆ ಮೀನು ತರುವ ತಾಯಿಯೊಬ್ಬಳು ಮೊನ್ನೆ ಅದನ್ನು ಕಂಡು ವಿಚಾರಿಸಿದಳು. ತನ್ನ ಕಾರ್ಡನ್ನು ತೆಗೆದು ತೋರಿಸಿದಳು. ಲಕೋಟೆಯ ಮೇಲೆ ಮೊಮ್ಮಗನ ಕೈಬರಹದಲ್ಲಿ ನಾಲ್ಕು ಅಂಕಿಗಳಿದ್ದವು. ಅವಳಿಗೆ ಚೂಡಾಮಣಿಯ ಕಥೆಯನ್ನು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರೆ ಇದು ಕಾಗೆ ಕಥೆ ಅನ್ನಿ, ಮಾಸ್ತರೇ" ಎಂದಳು. ಆ ಅಂಕಿಗಳನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು, ಲಕೋಟೆಯನ್ನು ಹರಿದು ನಮ್ಮ ಬಚ್ಚಲೊಲೆಗೆ ಹಾಕಿ ಹೋದಳು.